ಹೊರಗೋಡೆಯ ಹಲಗೆಗೆ ಸ್ಟೇನಾ, ಪೇಂಟಾ?

ಮಲೆನಾಡಿನ ಮನೆ, ಹೊರಗೋಡೆಗೆ ತೇಗದ ಹಲಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಇಂಥಲ್ಲಿ ನಾನು ಸ್ಟೇನ್ ಕಡೆಗೇ. ಅದು ಮರದೊಳಗೆ ಇಳಿಯುವ ತೆಳು ಬಣ್ಣ, ತೇಗದ ಎಳೆಗಳು ಹಾಗೇ ಕಾಣುತ್ತವೆ. ಎರಡು ಮೂರು ವರ್ಷಕ್ಕೆ ಬಣ್ಣ ಮಾಸುತ್ತದೆ, ನಿಜ. ಆದರೆ ತೊಳೆದು, ಚೆನ್ನಾಗಿ ಒಣಗಿಸಿ, ಇನ್ನೊಂದು ಕೈ ಬಳಿದರೆ ಆಯ್ತು.

ಪೇಂಟ್ ಜಾಸ್ತಿ ವರ್ಷ ಬರುತ್ತದೆ, ಬಿಸಿಲನ್ನೂ ಚೆನ್ನಾಗಿ ತಡೆಯುತ್ತದೆ. ತೊಂದರೆ ಶುರುವಾಗುವುದು ಹಲಗೆಯ ಕೊಯ್ದ ತುದಿಯಲ್ಲಿ. ಅಲ್ಲಿಂದ ನೀರು ಒಳಗೆ ಹೋಗಿ ಪೇಂಟು ಗುಳ್ಳೆ ಏಳುತ್ತದೆ. ಉಗುರಲ್ಲಿ ಎಬ್ಬಿದರೆ ಸಿಪ್ಪೆಯಂತೆ ಕಿತ್ತು ಬರುತ್ತದೆ, ಅಡಿಯಲ್ಲಿ ಕಪ್ಪಾದ ಮರ. ಆಮೇಲೆ ಕೆರೆಯದೆ ಗತಿಯಿಲ್ಲ.

ಹಲಗೆಗೆ ಮೊದಲೇ ಪೇಂಟ್ ಆಗಿದ್ದರೆ ಮತ್ತೆ ಪೇಂಟೇ ಸರಿ; ಅದರ ಮೇಲೆ ಸ್ಟೇನ್ ಇಳಿಯುವುದಿಲ್ಲ. ಯಾವುದೇ ಇರಲಿ, ತುದಿಗಳಿಗೆ ಒಂದು ಕೈ ಜಾಸ್ತಿ ಬಳಿಸಿ.