ತೆರೆಯದೆ ಇಟ್ಟ ಲಕೋಟೆ: ಕ್ರೆಡಿಟ್ ಕಾರ್ಡ್ ಸಾಲದಲ್ಲಿ ಸಿಲುಕಿದವರಿಗೆ ಒಂದು ಎಚ್ಚರಿಕೆ

2025ರ ಮಾರ್ಚ್ ಮೊದಲ ವಾರ ನನ್ನ ಖಾತೆಗೆ ಸಂಬಳದ 38,000 ರೂಪಾಯಿ ಜಮೆಯಾಯಿತು. ಅದೇ ಸಂಜೆ ಮನೆ ಬಾಡಿಗೆ ಕಳುಹಿಸಲು ಹೋದಾಗ ಹಣ ವರ್ಗಾವಣೆಯಾಗಲಿಲ್ಲ. ಮರುದಿನ ಶಾಖೆಗೆ ಹೋಗಿ ವಿಚಾರಿಸಿದೆ. ನ್ಯಾಯಾಲಯದ ಆದೇಶದಂತೆ ಖಾತೆಯನ್ನು ತಡೆಹಿಡಿಯಲಾಗಿದೆ ಎಂದು ಅಲ್ಲಿನ ಅಧಿಕಾರಿ ಹೇಳಿ, ಆದೇಶದ ಪ್ರತಿಯನ್ನು ತೋರಿಸಿದರು. ನನ್ನ ವಿರುದ್ಧ ಒಂದು ಪ್ರಕರಣ ನಡೆದು, ತೀರ್ಪಾಗಿ, ಅದು ಜಾರಿಯ ಹಂತಕ್ಕೂ ಬಂದಿದೆ ಎಂಬುದು ನನಗೆ ತಿಳಿದದ್ದು ಆಗಲೇ. ಕಾರ್ಡ್ ಸಾಲ ಕಟ್ಟಲಾಗದೆ ಕಂಗೆಟ್ಟು ಕುಳಿತಿರುವ ಯಾರಿಗೂ ಹೀಗಾಗಬಾರದು ಎಂಬ ಕಾರಣಕ್ಕೆ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಾಲ ಶುರುವಾದದ್ದು 2022ರಲ್ಲಿ, ತಂದೆಯವರ ಹೃದಯ ಶಸ್ತ್ರಚಿಕಿತ್ಸೆಯ ಸಮಯದಲ್ಲಿ. ವಿಮೆ ಭರಿಸದ ಮೊತ್ತವನ್ನು ಕಾರ್ಡಿನಿಂದ ಕಟ್ಟಿದೆ. ಎರಡು ಲಕ್ಷ ರೂಪಾಯಿ ಬಾಕಿಯಾಯಿತು. ಪ್ರತಿ ತಿಂಗಳ ಬಿಲ್ಲಿನಲ್ಲಿ ಕನಿಷ್ಠ ಪಾವತಿ ಎಂದು ನಮೂದಾಗುತ್ತಿದ್ದ 10,000 ರೂಪಾಯಿಯನ್ನು ತಪ್ಪದೆ ಕಟ್ಟುತ್ತಿದ್ದೆನಾದ್ದರಿಂದ ಸಾಲ ತೀರುತ್ತಿದೆ ಎಂದೇ ಭಾವಿಸಿದ್ದೆ. ಲೆಕ್ಕ ಹಾಕಿ ನೋಡಿ: ತಿಂಗಳಿಗೆ ಶೇ. 3.5ರಂತೆ ಎರಡು ಲಕ್ಷಕ್ಕೆ ಬಡ್ಡಿ 7,000 ರೂಪಾಯಿ, ಆ ಬಡ್ಡಿಯ ಮೇಲೆ ಶೇ. 18ರ ಜಿಎಸ್‌ಟಿ 1,260 ರೂಪಾಯಿ. ನಾನು ಕಟ್ಟಿದ ಹತ್ತು ಸಾವಿರದಲ್ಲಿ ಅಸಲಿಗೆ ಸಂದದ್ದು 1,740 ರೂಪಾಯಿ ಮಾತ್ರ. ಹಳೆಯ ಬಾಕಿ ಪೂರ್ತಿ ತೀರದ ಹೊರತು ಹೊಸ ಖರೀದಿಗೆ ಬಡ್ಡಿರಹಿತ ಅವಧಿಯೂ ಸಿಗುವುದಿಲ್ಲ. ಅದೇ ಕಾರ್ಡಿನಲ್ಲಿ ತಂದ ದಿನಸಿಗೂ ಔಷಧಿಗೂ ಖರೀದಿಸಿದ ದಿನದಿಂದಲೇ ಬಡ್ಡಿ ಬೀಳುತ್ತದೆ. ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿಲ್ಲ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ನೀಡಿದ್ದ ಆದೇಶವನ್ನು ನಂಬಿಕೊಂಡು ಈಗಲೂ ಮಾತಾಡುವವರಿದ್ದಾರೆ. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಆ ಆದೇಶವನ್ನು ರದ್ದುಪಡಿಸಿದೆ.

2023ರ ಜುಲೈನಲ್ಲಿ ಕೆಲಸ ಹೋಯಿತು, ಕಂತೂ ನಿಂತಿತು. ವಸೂಲಿಯವರ ಕರೆಗಳು ಬೆಳಿಗ್ಗೆ ಏಳಕ್ಕೇ ಆರಂಭವಾಗಿ ರಾತ್ರಿಯವರೆಗೂ ಬರುತ್ತಿದ್ದವು. ತುಮಕೂರಿನಲ್ಲಿದ್ದ ತಾಯಿಗೂ ಕರೆ ಮಾಡಿ, ಪೊಲೀಸರು ಬಂದು ನಿಮ್ಮ ಮಗನನ್ನು ಎಳೆದೊಯ್ಯುತ್ತಾರೆ ಎಂದು ಹೆದರಿಸಿದರು. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗಾಗಿ ಕರೆ ಮಾಡಬಾರದು ಎಂದೂ ಸಾಲಗಾರನ ಬಂಧುಮಿತ್ರರಿಗೆ ಕಿರುಕುಳ ಕೊಡಬಾರದು ಎಂದೂ ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲೇ ಸ್ಪಷ್ಟ ಸೂಚನೆ ನೀಡಿತ್ತು. ಕರೆಗಳ ಸಮಯ ಬರೆದಿಟ್ಟು, ಧ್ವನಿಮುದ್ರಣ ಉಳಿಸಿಕೊಂಡು ಬ್ಯಾಂಕಿಗೆ ಲಿಖಿತ ದೂರು ಕೊಡಬೇಕಿತ್ತು. ಮೂವತ್ತು ದಿನಗಳಲ್ಲಿ ಪರಿಹಾರ ಸಿಗದಿದ್ದರೆ ಗ್ರಾಹಕರ ದೂರು ಆಲಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದಿತ್ತು. ಇದಾವುದೂ ಗೊತ್ತಿರದ ನಾನು, ಸಾಲ ಇತ್ಯರ್ಥ ಮಾಡಿಸಿಕೊಡುತ್ತೇವೆ ಎಂದು ಜಾಹೀರಾತು ಕೊಟ್ಟಿದ್ದ ಬೆಂಗಳೂರಿನ ಒಂದು ಸಂಸ್ಥೆಯ ಮೊರೆಹೋದೆ. ನಾನು ಮಾಡಿದ ದೊಡ್ಡ ತಪ್ಪು ಅದೇ.

ಆ ಸಂಸ್ಥೆಯವರು ನೋಂದಣಿ ಶುಲ್ಕ, ಮಾಸಿಕ ಶುಲ್ಕ ಎಂದು ಒಟ್ಟು 22,000 ರೂಪಾಯಿ ತೆಗೆದುಕೊಂಡರು. "ಕಾರ್ಡ್ ಸಾಲಕ್ಕೆ ಅಡಮಾನವಿಲ್ಲ, ಬ್ಯಾಂಕಿನವರು ಏನೂ ಮಾಡಲಾರರು. ನೀವು ಹೊಸ ಸಿಮ್ ತೆಗೆದುಕೊಳ್ಳಿ, ಯಾವ ಪತ್ರಕ್ಕೂ ಉತ್ತರ ಕೊಡಬೇಡಿ, ಒಂದು ವರ್ಷ ಕಳೆದರೆ ಅವರೇ ಕಾಲು ಭಾಗಕ್ಕೆ ಒಪ್ಪುತ್ತಾರೆ" ಎಂಬುದು ಅವರ ಸಲಹೆ. ಮಾತಿನ ಮೊದಲರ್ಧ ನಿಜ. ಅಡಮಾನವಿಲ್ಲದ್ದರಿಂದ, ಅಡವಿಟ್ಟ ಆಸ್ತಿಯನ್ನು ಬ್ಯಾಂಕೇ ವಶಪಡಿಸಿಕೊಳ್ಳಲು ಅವಕಾಶ ಕೊಡುವ ಸರ್ಫೇಸಿ ಕಾಯ್ದೆಯಡಿ ಮನೆಗೆ ಬೀಗ ಹಾಕುವಂತಿಲ್ಲ. ವಂಚನೆಯ ಉದ್ದೇಶವಿಲ್ಲದೆ ಸಾಲ ಕಟ್ಟಲಾಗದಿರುವುದು ಅಪರಾಧವೂ ಅಲ್ಲ. ಆದರೆ ಸಿವಿಲ್ ಮಾರ್ಗಗಳು ಬ್ಯಾಂಕಿಗೆ ಪೂರ್ತಿ ತೆರೆದೇ ಇರುತ್ತವೆ ಎಂಬುದನ್ನು ಅವರು ನನಗೆ ಹೇಳಲಿಲ್ಲ.

ಕಾರ್ಡ್ ಪಡೆಯುವಾಗ ನಾವು ಓದದೆ ಸಹಿ ಹಾಕುವ ಒಪ್ಪಂದದಲ್ಲಿ ಅನೇಕ ಬಾರಿ ಒಂದು ಷರತ್ತು ಇರುತ್ತದೆ: ವಿವಾದ ಬಂದರೆ ಅದನ್ನು ಮಧ್ಯಸ್ಥಗಾರರು, ಎಂದರೆ ಆರ್ಬಿಟ್ರೇಟರ್, ತೀರ್ಮಾನಿಸುತ್ತಾರೆ ಎಂದು. ನನ್ನ ಪ್ರಕರಣದಲ್ಲಿ ಮಧ್ಯಸ್ಥಗಾರರನ್ನು ಬ್ಯಾಂಕೇ ಏಕಪಕ್ಷೀಯವಾಗಿ ನೇಮಿಸಿತ್ತು. ವಿಚಾರಣೆ ಬೇರೆ ರಾಜ್ಯದ ನಗರದಲ್ಲಿ, ಬಹುಪಾಲು ವಿಡಿಯೋ ಮೂಲಕ ನಡೆದಿತ್ತು. ನೋಟಿಸುಗಳು ನಾನು ತೆರೆದು ನೋಡದ ಇಮೇಲ್‌ಗೂ, ಬಳಕೆ ನಿಲ್ಲಿಸಿದ್ದ ಸಿಮ್ಮಿನ ವಾಟ್ಸಾಪಿಗೂ, ತುಮಕೂರಿನ ಹಳೆಯ ವಿಳಾಸಕ್ಕೂ ಬಂದಿದ್ದವು. ನನ್ನ ಮಾತಿನಂತೆಯೇ ತಮ್ಮನು ಅಂಚೆಯ ಲಕೋಟೆಗಳನ್ನು ಒಡೆಯದೆ ದೇವರ ಮನೆಯ ಗೂಡಿನಲ್ಲಿ ಇಟ್ಟಿದ್ದ. ಒಟ್ಟು ಐದು ಲಕೋಟೆ. 2024ರ ಆಗಸ್ಟ್‌ನಲ್ಲಿ 3,12,000 ರೂಪಾಯಿಗೆ ಬಡ್ಡಿಸಹಿತ ಏಕಪಕ್ಷೀಯ ತೀರ್ಪು ಬಂದಿತ್ತು. ಇಂಥ ತೀರ್ಪಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಗೆ, ಎಂದರೆ ಅದರ ತೀರ್ಪಿನ ಆದೇಶಕ್ಕೆ, ಇರುವಷ್ಟೇ ಬಲವಿದೆ. ಸಾಲಗಾರನ ಖಾತೆ ಇರುವ ಊರಿನ ನ್ಯಾಯಾಲಯದಲ್ಲೇ ಅದರ ಜಾರಿಗೆ ಅರ್ಜಿ ಹಾಕಬಹುದು. ಹೊಸ ಕೆಲಸ ಸಿಕ್ಕಿ ಸಂಬಳ ಬರತೊಡಗಿದ ಮೇಲೆ ಬ್ಯಾಂಕು ಮಾಡಿದ್ದೂ ಅದನ್ನೇ.

ಒಂದೇ ಪಕ್ಷದವರು ತಮಗೆ ಬೇಕಾದವರನ್ನು ಏಕೈಕ ಮಧ್ಯಸ್ಥಗಾರರಾಗಿ ನೇಮಿಸುವುದು ಸರಿಯಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ, 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠವೂ ಅಂಥ ನೇಮಕವನ್ನು ಪ್ರಶ್ನಿಸಿದೆ ಎಂದು ನನ್ನ ವಕೀಲರು ವಿವರಿಸಿದರು. ಮೊದಲ ನೋಟಿಸು ಬಂದೊಡನೆ ಎರಡು ಸಾಲಿನ ಲಿಖಿತ ಆಕ್ಷೇಪಣೆ ಕಳುಹಿಸಿದ್ದರೂ ನನ್ನ ಕೈಯಲ್ಲಿ ಒಂದು ಬಲವಾದ ವಾದ ಉಳಿಯುತ್ತಿತ್ತು. ತೀರ್ಪನ್ನು ಪ್ರಶ್ನಿಸಲು ಅದು ಕೈಸೇರಿದ ದಿನದಿಂದ ಮೂರು ತಿಂಗಳು, ತಕ್ಕ ಕಾರಣವಿದ್ದರೆ ಮತ್ತೆ ಮೂವತ್ತು ದಿನ ಮಾತ್ರ ಅವಕಾಶ. ನನ್ನ ಗಡುವು ಆ ಗೂಡಿನಲ್ಲೇ ಕಳೆದುಹೋಗಿತ್ತು. ಇಷ್ಟೊಂದು ಸಣ್ಣ ಕೆಲಸ ಮಾಡದೆ ಇಷ್ಟು ದೊಡ್ಡ ಹಕ್ಕು ಕಳೆದುಕೊಂಡೆನಲ್ಲಾ ಎಂಬ ನೋವು ಇನ್ನೂ ಹೋಗಿಲ್ಲ.

ಪೂರ್ತಿ ಸಂಬಳವನ್ನು ಮುಟ್ಟುಗೋಲು ಹಾಕುವಂತಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಂತೆ, ಇಂಥ ಸಾಲದ ಡಿಕ್ರಿಗಾಗಿ ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದುದರ ಮೂರನೇ ಎರಡು ಭಾಗವನ್ನು ಜಪ್ತಿ ಮಾಡಲಾಗದು. ಭವಿಷ್ಯ ನಿಧಿಯೂ ಸುರಕ್ಷಿತ. ಆದರೆ ಆ ರಕ್ಷಣೆ ತಾನಾಗಿ ದೊರೆಯಲಿಲ್ಲ. ಖಾತೆಯಲ್ಲಿರುವುದು ಸಂಬಳದ ಹಣ ಎಂದು ದಾಖಲೆ ಸಮೇತ ಅರ್ಜಿ ಹಾಕಿ, ಆದೇಶ ಪಡೆದು ಹಣ ಬಿಡಿಸಿಕೊಳ್ಳಲು ಐದು ವಾರ ಹಿಡಿಯಿತು. ಆ ಐದು ವಾರ ಬಾಡಿಗೆಗೂ ತಾಯಿಯ ಔಷಧಿಗೂ ಸಹೋದ್ಯೋಗಿಗಳ ಬಳಿ ಕೈಚಾಚಬೇಕಾಯಿತು.

ಅದೇ ಸಮಯಕ್ಕೆ ಕರ್ನಾಟಕ ಸರ್ಕಾರ ಕಿರುಸಾಲ ವಸೂಲಿಯ ದೌರ್ಜನ್ಯ ತಡೆಯಲು ಸುಗ್ರೀವಾಜ್ಞೆ ತಂದಿತ್ತು, ಇನ್ನು ಸಾಲ ಕಟ್ಟಬೇಕಿಲ್ಲ ಎಂದು ಹಲವರು ನನಗೆ ಧೈರ್ಯ ಹೇಳಿದರು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಬ್ಯಾಂಕುಗಳಿಗೆ ಅದು ಅನ್ವಯಿಸುವುದಿಲ್ಲ. ದಯವಿಟ್ಟು ಅದನ್ನು ನಂಬಿ ಕುಳಿತುಕೊಳ್ಳಬೇಡಿ.

ಚೆಕ್ಕಿನ ವಿಷಯವನ್ನೂ ಹೇಳಲೇಬೇಕು. ವಸೂಲಿಗೆ ಬಂದವರು ಮುಂದಿನ ತಾರೀಕಿನ ಚೆಕ್ ಕೊಡಿ ಎಂದು ಒತ್ತಾಯಿಸುತ್ತಾರೆ. ಖಾತೆಯಲ್ಲಿ ಹಣವಿಲ್ಲದೆ ಅದು ಮರಳಿದರೆ, ಅಲ್ಲಿಯವರೆಗೆ ಸಿವಿಲ್ ಆಗಿದ್ದ ವಿಷಯ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಕ್ರಿಮಿನಲ್ ಪ್ರಕರಣವಾಗುತ್ತದೆ. ನೋಟಿಸು ತಲುಪಿದ 15 ದಿನಗಳಲ್ಲಿ ಹಣ ಕಟ್ಟದಿದ್ದರೆ ಎರಡು ವರ್ಷದವರೆಗಿನ ಸಜೆಗೆ, ಇಲ್ಲವೇ ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗಿನ ದಂಡಕ್ಕೆ, ಅಥವಾ ಎರಡಕ್ಕೂ ಅವಕಾಶವಿದೆ. ಖಾತೆಯಿಂದ ಕಂತು ತಾನಾಗಿ ಕಡಿತವಾಗಲೆಂದು ಕೊಟ್ಟ ಒಪ್ಪಿಗೆ ಹಣವಿಲ್ಲದೆ ವಿಫಲವಾದರೂ ಇಂಥದೇ ಹೊಣೆ ಬರುತ್ತದೆ. ನಾನು ಚೆಕ್ ಕೊಡಲಿಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಕೊಟ್ಟು, ಎರಡು ವರ್ಷದಿಂದ ನ್ಯಾಯಾಲಯಕ್ಕೆ ಅಲೆಯುತ್ತಿದ್ದಾರೆ.

ಕೊನೆಗೆ ಲೋಕ್ ಅದಾಲತ್‌ನಲ್ಲಿ 2,20,000 ರೂಪಾಯಿಗೆ, ಆರು ಕಂತುಗಳಲ್ಲಿ ಕಟ್ಟುವಂತೆ ರಾಜಿಯಾಯಿತು. ತಾಯಿಯ ಬಳೆಗಳನ್ನು ಒತ್ತೆಯಿಟ್ಟು ಮೊದಲ ಕಂತು ಕಟ್ಟಿದೆ. ಲೋಕ್ ಅದಾಲತ್ತಿನ ರಾಜಿಗೆ ಮೇಲ್ಮನವಿ ಇಲ್ಲವಾದ್ದರಿಂದ ಕಟ್ಟಲಾಗುವ ಮೊತ್ತಕ್ಕೆ ಮಾತ್ರ ಸಹಿ ಹಾಕಿ. ನ್ಯಾಯಾಲಯದ ಹೊರಗೆ ಇತ್ಯರ್ಥವಾಗುವುದಾದರೆ ಬ್ಯಾಂಕಿನ ಅಧಿಕೃತ ಪತ್ರ ಕೈಗೆ ಬರುವ ಮೊದಲು ಒಂದು ರೂಪಾಯಿಯನ್ನೂ ಕೊಡಬೇಡಿ, ಕೊಡುವಾಗಲೂ ಕಾರ್ಡಿನ ಖಾತೆಗೇ ಕಟ್ಟಿ, ನಂತರ ಬಾಕಿಯಿಲ್ಲದ ಪ್ರಮಾಣಪತ್ರ ಕೇಳಿ ಪಡೆಯಿರಿ. ಪೂರ್ತಿ ಕಟ್ಟದೆ ಇತ್ಯರ್ಥವಾದ ಸಾಲ ಸಿಬಿಲ್ ವರದಿಯಲ್ಲಿ ಹಾಗೆಯೇ ನಮೂದಾಗುತ್ತದೆ. ನನಗೆ ಗೃಹಸಾಲ ನಿರಾಕರಣೆಯಾದದ್ದು ಅದೇ ಕಾರಣಕ್ಕೆ.

ಈಗಾಗಲೇ ನೋಟಿಸು ಬಂದಿದ್ದರೆ ಅದನ್ನು ಇಂದೇ ತೆರೆದು ಓದಿ. ಅರ್ಥವಾಗದಿದ್ದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಕೊಂಡೊಯ್ಯಿರಿ, ಅಥವಾ 15100 ಸಂಖ್ಯೆಗೆ ಕರೆ ಮಾಡಿ. ಲಕೋಟೆಯನ್ನು ಎಸೆಯಬೇಡಿ, ಏಕೆಂದರೆ ನಿಮ್ಮ ಗಡುವು ಯಾವ ದಿನದಿಂದ ಲೆಕ್ಕಕ್ಕೆ ಬರುತ್ತದೆ ಎಂಬುದಕ್ಕೆ ಅದರ ಮೇಲಿನ ಅಂಚೆ ಮುದ್ರೆಯೇ ಸಾಕ್ಷಿ.