ಬೆಂಗಳೂರು–ಲಂಡನ್: ನೇರ ವಿಮಾನವೋ, ದುಬೈ ಮೇಲಿಂದಲೋ?

ದೇವನಹಳ್ಳಿಯಿಂದ ಹೀಥ್ರೋಗೆ ಆಕಾಶದಲ್ಲಿ ನೆಟ್ಟಗೆ ಗೆರೆ ಎಳೆದರೆ ಸುಮಾರು 8,000 ಕಿ.ಮೀ. ದುಬೈ ಮೇಲೆ ಹೋದರೆ ಮೊದಲ ಹಾರಾಟ 2,700, ಎರಡನೆಯದು 5,500 ಕಿ.ಮೀ. ಅಂದರೆ ಸುತ್ತು ಹೆಚ್ಚೆಂದರೆ ಇನ್ನೂರು ಕಿ.ಮೀ. ವ್ಯತ್ಯಾಸ ಇರುವುದು ದೂರದಲ್ಲಲ್ಲ, ಕಾಯುವುದರಲ್ಲಿ.

ನೇರ ವಿಮಾನದಲ್ಲಿ ಹೋಗುವಾಗ ಹತ್ತೂವರೆ–ಹನ್ನೊಂದು ಗಂಟೆ. ಬರುವಾಗ ಸಾಮಾನ್ಯವಾಗಿ ಬೇಗ, ಪಶ್ಚಿಮದಿಂದ ಬೀಸುವ ಮೇಲ್ಗಾಳಿ ಬೆನ್ನಿಗಿರುತ್ತದೆ. ಒಂದು ಸೂಕ್ಷ್ಮ: 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತೀಯ ವಿಮಾನಗಳಿಗೆ ತನ್ನ ವಾಯುಮಾರ್ಗ ಮುಚ್ಚಿದಾಗ ಏರ್ ಇಂಡಿಯಾ ವಿಮಾನಗಳು ಸುತ್ತುಹಾಕಿ ಹಾರಬೇಕಾಯಿತು, ಬ್ರಿಟಿಷ್ ಏರ್‌ವೇಸ್‌ಗೆ ಆ ತೊಡಕಿರಲಿಲ್ಲ. ಹಾಗಾಗಿ ಟಿಕೆಟ್ ದರದ ಜೊತೆ ನಿಮ್ಮ ದಿನಾಂಕದ ಹಾರಾಟದ ಅವಧಿಯನ್ನೂ ನೋಡಿ.

ದುಬೈ ದಾರಿಯಲ್ಲಿ ಸುಮಾರು ನಾಲ್ಕು ಗಂಟೆ, ಆಮೇಲೆ ಏಳೂವರೆ. ನಡುವೆ ಎರಡು ಗಂಟೆ ಸಿಕ್ಕಿದರೆ ಒಟ್ಟು ಹದಿಮೂರೂವರೆ, ಎಂಟು ಗಂಟೆ ಸಿಕ್ಕಿದರೆ ಇಪ್ಪತ್ತರ ಹತ್ತಿರ. ಕಾಲು ನೀಡಿ ಓಡಾಡಲು ಇದು ಒಳ್ಳೆಯದೇ. ಆದರೆ ಎರಡೂ ಹಾರಾಟ ಒಂದೇ ಬುಕಿಂಗ್‌ನಲ್ಲಿರಲಿ. ಬೇರೆ ಬೇರೆ ಟಿಕೆಟ್ ತೆಗೆದು, ಮೊದಲನೆಯದು ತಡವಾದರೆ ಎರಡನೆಯದರ ದುಡ್ಡು ಹೋದಂತೆಯೇ.

ಗಡಿಯಾರ ನೋಡಿ ಮೋಸಹೋಗಬೇಡಿ: ಲಂಡನ್ ಬೇಸಿಗೆಯಲ್ಲಿ ನಮಗಿಂತ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ.

ಮಗಳ ಬಾಣಂತನಕ್ಕೆ ಹೊರಟ ಅಪ್ಪ-ಅಮ್ಮನಿಗಾದರೆ ನಾನು ಎರಡು ಮಾತಿಲ್ಲದೆ ನೇರ ವಿಮಾನವೇ ಅನ್ನುತ್ತೇನೆ. ಕೈಯಲ್ಲಿ ಸಮಯವಿರುವ ವಿದ್ಯಾರ್ಥಿ ಉಳಿಯುವ ದುಡ್ಡು ನೋಡಿಕೊಂಡು ದುಬೈ ಹಿಡಿಯಬಹುದು.