ಜಿಗ್‌ಗೆ ಪೌಡರ್ ಬಣ್ಣವೋ, ನೇಲ್ ಪಾಲಿಶೋ?

ಮುನಿರಾಬಾದ್ ಕಡೆ ತುಂಗಭದ್ರೆಯ ಕಲ್ಲಿಗೆ ಸೀಸದ ಜಿಗ್ (ಮೀನು ಹಿಡಿಯುವ, ಸೀಸದ ತೂಕವಿರುವ ಗಾಳ) ನಾಲ್ಕು ಸಲ ಬಡಿದರೆ ಅದಕ್ಕೆ ಹಚ್ಚಿದ ನೇಲ್ ಪಾಲಿಶ್ ಚಕ್ಕೆ ಏಳುತ್ತದೆ. ಬಿಸಿಗೆ ಕರಗಿ ಅಂಟುವ ಪೌಡರ್ ಬಣ್ಣ ಅಷ್ಟು ಸುಲಭಕ್ಕೆ ಜಗ್ಗಲ್ಲ. ಸೀಸ ಬಿಸಿ ಮಾಡಿ, ಪುಡಿಯಲ್ಲಿ ಅದ್ದಿ, ಸುಮಾರು 175 ಡಿಗ್ರಿಯಲ್ಲಿ 15-20 ನಿಮಿಷ ಓವನ್‌ನಲ್ಲಿಡಬೇಕು.

ತಲೆನೋವು ಇರುವುದು ಸ್ವಿವೆಲ್, ಅಂದರೆ ತಿರುಗುವ ಕೊಂಡಿ, ಇರುವ ಜಿಗ್‌ಗಳಲ್ಲಿ. ಪುಡಿ ಸಂದಿಗೆ ಹೋಗಿ ಕರಗಿತೋ, ಸ್ವಿವೆಲ್ ಕಚ್ಚಿಕೊಂಡು ಅಲುಗಾಡುವುದೇ ಇಲ್ಲ. ನನ್ನ ಮೊದಲ ಮೂರೂ ಹಾಗೇ ಹಾಳಾದವು. ಈಗ ಅದ್ದುವುದಿಲ್ಲ. ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪನ್ನು ಸಂದಿಗೆ ಸುತ್ತಿ, ಬ್ರಷ್‌ನಿಂದ ಪುಡಿ ಉದುರಿಸುತ್ತೇನೆ. ಓವನ್‌ಗೆ ಇಡುವ ಮೊದಲು ಟೇಪ್ ಬಿಚ್ಚಿ, ಸ್ವಿವೆಲ್ ತಿರುಗಿಸಿ ನೋಡುತ್ತೇನೆ.

ಒಂದೆರಡು ಜಿಗ್‌ಗೆ ಸುಮ್ನೆ ನೇಲ್ ಪಾಲಿಶ್ ಹಚ್ಚಿ. ಜಾಸ್ತಿ ಮಾಡುವವರಿಗೆ ಪೌಡರೇ ಸರಿ. ಅಡುಗೆಮನೆ ಓವನ್ ಮಾತ್ರ ಬೇಡ, ಸೀಸ ಅಲ್ವಾ.